ಹರಿವು ಮೇಲಿನಿಂದಲೋ, ಕೆಳಗಿನಿಂದಲೋ

ಹೋದ ತಿಂಗಳು ಕೊಚ್ಚಿ ಹತ್ತಿರದ ತ್ರಿಪ್ಪುಣಿತ್ತುರದ ನಮ್ಮ ಬಾಡಿಗೆ ಮನೆಯ ಕಿಟಕಿ ಸೋರತೊಡಗಿತು. ಮಳೆ ಜೋರಾಗುವ ಮೊದಲು ಸರಿ ಮಾಡಿಸೋಣವೆಂದು ಮಾಲೀಕರು ಒಬ್ಬರನ್ನು ಕಳಿಸಿದ್ದರು. ಅವರು ಗಾಜಿನ ಅಂಚಿನುದ್ದಕ್ಕೂ ಸಿಲಿಕೋನ್ ಎಳೆದು, ಬೆರಳಲ್ಲಿ ಸವರಿ, "ನಾಳೆ ವರೆ ತೊಡಲ್ಲೇ ಚೇಚಿ" ಎಂದು ಹೇಳಿ ಹೋದರು. ನಾಳೆಯವರೆಗೆ ಮುಟ್ಟಬೇಡಿ ಅಕ್ಕಾ ಅಂತ. ಅವರು ಲಿಫ್ಟ್ ಹತ್ತುವುದನ್ನೇ ಕಾದಿದ್ದು ನಾನು ಮುಟ್ಟಿದೆ. ಉಗುರಿನ ತುದಿಯಿಂದ ಮೆಲ್ಲಗೆ ಒತ್ತಿ ಬಿಟ್ಟೆ. ಗುಳಿ ಬಿತ್ತು, ಹಾಗೇ ಉಳಿಯಿತು. ಹದಕ್ಕೆ ಬಂದ ಸಿಲಿಕೋನ್ ಹಾಗೆ ಉಳಿಯುವುದಿಲ್ಲ, ಮೆಲ್ಲಗೆ ಎದ್ದು ತನ್ನ ಜಾಗಕ್ಕೆ ಬರುತ್ತದೆ. ಇದು ನನ್ನ ಉಗುರಿಗೆ ಗೊತ್ತು. ತಿರುವನಂತಪುರದ ಉಳ್ಳೂರಿನಲ್ಲಿ ಕಳೆದ ಮೊದಲ ವರ್ಷ ಅದು ಕಲಿತ ವಿದ್ಯೆ.

ನಮ್ಮ ಮನೆಯಲ್ಲಿ ಹತ್ತನೇ ಕ್ಲಾಸು ದಾಟಿದವಳು ನಾನೇ ಮೊದಲು. ಕಾಲೇಜು ದಾಟಿದವಳೂ ನಾನೇ, ಎಂಎಸ್ಸಿ ಮಾಡಿದವಳೂ ನಾನೇ. ಇದನ್ನು ತಗ್ಗಿಸಿ ಹೇಳುವ ವಿನಯ ನನಗಿಲ್ಲ. ಅಪ್ಪ ಮಂಡ್ಯದ ಕಡೆ ಆಲೆಮನೆಯಲ್ಲಿ ಪಾಕ ನೋಡುವವರು. ಕೊಪ್ಪರಿಗೆಯ ಕಬ್ಬಿನ ಹಾಲು ಯಾವ ಗಳಿಗೆಯಲ್ಲಿ ಬೆಲ್ಲವಾಗುತ್ತದೆಂದು ಕಣ್ಣಲ್ಲೇ ಅಳೆಯುವವರು. ನಾನು ತಿರುವನಂತಪುರದ ಪ್ರಯೋಗಾಲಯವೊಂದಕ್ಕೆ ಪ್ರಾಜೆಕ್ಟ್ ಅಸಿಸ್ಟೆಂಟ್ ಆಗಿ ಹೊರಟಾಗ ಅಪ್ಪನಿಗೆ ಅರ್ಥವಾದದ್ದು ಇಷ್ಟೇ: ಹನ್ನೊಂದು ತಿಂಗಳ ಕೆಲಸ, ಆಮೇಲೆ ಅಲ್ಲಿನ ಶ್ರೀದೇವಿ ಮೇಡಂ ಒಬ್ಬರನ್ನು ಪಿಎಚ್‌ಡಿಗೆ ತೆಗೆದುಕೊಳ್ಳುತ್ತಾರೆ. ಅದು ನಾನಾದರೆ ಅಲ್ಲೇ ಉಳಿಯುತ್ತೇನೆ. ಇಲ್ಲವಾದರೆ ಪೆಟ್ಟಿಗೆ ಸಮೇತ ಮನೆಗೆ ವಾಪಸ್ಸು.

ಜೂನ್ ಮೊದಲ ವಾರ ಬಂದಿಳಿದೆ. ಮಳೆ ನನಗಿಂತ ಎರಡು ದಿನ ಮೊದಲೇ ಬಂದಿತ್ತು. ಬೆಳಿಗ್ಗೆ ಒಗೆದ ಬಟ್ಟೆ ಮೂರನೇ ದಿನವೂ ತೇವ. ಉಳ್ಳೂರಿನಲ್ಲಿ ಹುಬ್ಬಳ್ಳಿ ಕಡೆಯ ಬ್ಯಾಂಕಿನವರೊಬ್ಬರ ಮನೆಯ ಹಿಂದಿನ ಕೋಣೆ ಸಿಕ್ಕಿತು. ಆ ಮನೆಯ ಗಂಗಕ್ಕ ಮೊದಲ ದಿನವೇ ಹೇಳಿದರು, "ಕನ್ನಡ ಮಾತಾಡೂ ಹುಡುಗಿ ಸಿಕ್ಕಳಲ್ಲ, ನನಗಷ್ಟ ಸಾಕು. ನನ್ನ ಮಗಳಿಗೆ ನಾ ಕನ್ನಡದಾಗ ಬೈದರ ಆಕಿ ಮಲಯಾಳದಾಗ ತಿರುಗಿ ಬೈತಾಳ."

ವಾರದ ಮೇಲೆ ಅಪ್ಪ ಫೋನು ಮಾಡಿದರು.

"ಏನ್ ಕೆಲ್ಸ ಮಗ ಅದು?"

"ರಕ್ತನಾಳದ ಥರದ್ದು ಮಾಡೋದು ಅಪ್ಪ. ಸಿಲಿಕೋನಲ್ಲಿ."

"ನಾಲೆನಾ?"

"ನಾಲೆ ಅಲ್ಲಪ್ಪ, ನಾಳ."

"ಅದ್ರಾಗೆ ಹರೀತದೋ ಇಲ್ವೋ?"

"ಹರೀತದೆ."

"ಹಂಗಾದ್ರೆ ನಾಲೆನೇ ಬುಡು."

ಅಪ್ಪ ಹೇಳಿದ್ದೇ ಸರಿ. ಅದು ನಾಲೆಯೇ, ಕೂದಲೆಳೆಯಷ್ಟು ಅಗಲದ್ದು. ಅದರ ಅಚ್ಚು ಕೊಚ್ಚಿಯಿಂದ ಬರುತ್ತಿತ್ತು, ಅಂಗೈಯಗಲದ ಬಿಲ್ಲೆ, ಕನ್ನಡಿಯಂತೆ ಹೊಳಪು, ಮೇಲೆ ಬರಿಗಣ್ಣಿಗೆ ಕಂಡೂ ಕಾಣದ ಏಣುಗಳು. ಒಡೆದೀತೆಂಬ ಭಯಕ್ಕೆ ಕೊರಿಯರಿಗೆ ಕೊಡದೆ ನಾನೇ ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದೆ. ಎದುರಿಗೆ ಕೂತ ಅಜ್ಜಿಯೊಬ್ಬರು ಡಬ್ಬಿಯಲ್ಲಿ ಹಲ್ವವೋ ಎಂದು ಕೇಳಿದ್ದರು. ಬಿಲ್ಲೆಯ ಮೇಲೆ ಜೇನಿನಷ್ಟು ಮಂದದ ಸಿಲಿಕೋನ್ ಹುಯ್ದು, ಗಾಳಿಯನ್ನೆಲ್ಲ ಎಳೆಯುವ ಗಾಜಿನ ಪಾತ್ರೆಯಲ್ಲಿಟ್ಟು, ಗುಳ್ಳೆಗಳು ಎದ್ದೆದ್ದು ಒಡೆಯುವುದನ್ನು ಕಾಯಬೇಕು. ಒಂದು ಗುಳ್ಳೆ ಉಳಿದರೂ ನಾಲೆ ಕೆಟ್ಟಿತು. ಆಮೇಲೆ ಒಲೆಯಲ್ಲಿ ಗಟ್ಟಿ ಮಾಡಿ, ಉಗುರಿನಿಂದ ಒತ್ತಿ ಹದ ನೋಡಿ, ಅಚ್ಚಿನಿಂದ ಸುಲಿದು, ಎರಡೂ ತುದಿಗೆ ತೂತು ಕೊರೆದು, ಗಾಜಿನ ಪಟ್ಟಿಗೆ ಅಂಟಿಸುವುದು. ಅಚ್ಚಿಗೆ ಅಂಟದ ಹಾಗೆ ಮೊದಲೇ ಒಂದು ಲೇಪ ಕೊಡಬೇಕು. ಇದನ್ನು ಮೇಡಂ ಹೇಳಿಕೊಡುತ್ತಿದ್ದಾಗ ನಾನು ತಲೆಯಾಡಿಸುತ್ತ ನಿಂತಿದ್ದೆ. ಬೆಲ್ಲದ ಅಚ್ಚನ್ನು ನೀರಿಗೆ ಅದ್ದದೆ ಪಾಕ ಹುಯ್ದು ಅಪ್ಪನ ಕೈಲಿ ಬೈಸಿಕೊಂಡವಳಿಗೆ ಅದನ್ನು ಎರಡು ಸಲ ಹೇಳಬೇಕಾಗಿರಲಿಲ್ಲ.

ಆ ನಾಲೆಯ ತಳದಲ್ಲಿ ಜೀವಕೋಶಗಳನ್ನು ಬೆಳೆಸುತ್ತಿದ್ದರು. ನಮ್ಮ ರಕ್ತನಾಳಗಳ ಒಳಗೋಡೆಗೆ ಹೆಂಚಿನಂತೆ ಹೊದಿಸಿದ ಒಂದು ಪದರ ಕೋಶಗಳಿವೆ. ಹೆರಿಗೆಯಾದ ತಾಯಂದಿರು ಒಪ್ಪಿ ಕೊಟ್ಟ ಹೊಕ್ಕುಳಬಳ್ಳಿಯಿಂದ ಅವುಗಳನ್ನು ತೆಗೆಯುತ್ತಿದ್ದರು. ನಿಂತ ನೀರಿನಲ್ಲಿ ಅವು ಹೊಳೆಯ ಉರುಟು ಕಲ್ಲುಗಳ ಹಾಗೆ, ಯಾವ ದಿಕ್ಕೂ ಇಲ್ಲದೆ ಒತ್ತೊತ್ತಾಗಿ ಕೂತಿರುತ್ತವೆ. ಮೇಲೆ ದ್ರವ ಒಂದು ದಿನ ಹರಿಯಲಿ, ನೀಳವಾಗುತ್ತವೆ. ಎಲ್ಲವೂ ಹರಿವಿನ ಸಾಲಿಗೇ ಮೈ ಚಾಚುತ್ತವೆ, ಜೋಡಿಸಿಟ್ಟ ಅಕ್ಕಿಕಾಳಿನ ಹಾಗೆ. ಮೊದಲ ಸಲ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ನಾನು "ಅಯ್ಯೋ!" ಎಂದೆ. ಕಣ್ಣಿಲ್ಲ, ಕಿವಿಯಿಲ್ಲ, ನರವಿಲ್ಲ. ನೀರು ಹರಿಯುತ್ತಿದೆಯೆಂದು ಇವಕ್ಕೆ ಹೇಳಿದವರು ಯಾರು?

ಸಾಲು ಹಿಡಿಯುವುದು ಒಂದು ಮಾತು, ಮುಖ ಯಾವ ಕಡೆ ಎನ್ನುವುದು ಇನ್ನೊಂದು. ಕೋಶದ ನಡುವಿನ ಕೇಂದ್ರಕ್ಕೆ ನೀಲಿ ಬಣ್ಣ ಹಚ್ಚುತ್ತಿದ್ದೆವು. ಅದರ ಪಕ್ಕದಲ್ಲೇ ಗಾಲ್ಜಿ ಎಂಬ ಚಿಕ್ಕ ಗಂಟು ಇರುತ್ತದೆ, ಅದಕ್ಕೆ ಹಸಿರು. ಹಸಿರು ಎತ್ತ ಇದೆಯೋ ಅತ್ತ ಕೋಶದ ಮುಖ. ಹೊಳೆಯ ಮೀನಿನ ಹಾಗೆ ಈ ಕೋಶಗಳು ಹರಿವಿಗೆ ಎದುರು ಮುಖ ಮಾಡುತ್ತವೆ ಎಂದು ಓದಿದ ಪ್ರಬಂಧಗಳೆಲ್ಲ ಹೇಳುತ್ತಿದ್ದವು. ನಡುವೆ ಕಿರಿದಾಗಿ ಮತ್ತೆ ಅಗಲವಾಗುವ ನಾಲೆಯಲ್ಲಿ, ಅಂದರೆ ಕೊಬ್ಬು ಕಟ್ಟಿ ಕಿರಿದಾದ ರಕ್ತನಾಳದಂಥದ್ದರಲ್ಲಿ, ಏನು ಮಾಡುತ್ತವೆ ಎನ್ನುವುದು ನಮ್ಮ ಪ್ರಶ್ನೆ.

ನಾನು ನಾಲೆ ಮಾಡುವವಳು ಮತ್ತು ಚಿತ್ರ ಓದುವವಳು. ನಡುವಿನ ಕೆಲಸ, ಅಂದರೆ ಕೋಶ ಬೆಳೆಸಿ ಪಂಪಿಗೆ ಜೋಡಿಸುವುದು, ಓಮನ ಚೇಚಿಯದು. ಇಪ್ಪತ್ತು ವರ್ಷದ ಕೈ ಅವರದು. ಹೊಸಬರು ಕೋಶಗಳಿಗೆ ಬೂಷ್ಟು ತರುತ್ತಾರೆಂದು ಅವರ ಕೋಣೆಯೊಳಗೆ ನನ್ನನ್ನು ಬಿಡುತ್ತಿರಲಿಲ್ಲ. ಹರಿವು ಮುಗಿದ ಮೇಲೆ ಕೊಳವೆ ಕಿತ್ತು, ಕೋಶಗಳಿಗೆ ಬಣ್ಣ ಹಾಕಿದ ಗಾಜಿನ ಪಟ್ಟಿ ಮಾತ್ರ ನನ್ನ ಮೇಜಿಗೆ ಬರುತ್ತಿತ್ತು. ತಿರುವುಮುರುವಾಗದಿರಲೆಂದು ಪ್ರತಿಯೊಂದರ ಒಂದು ಮೂಲೆ ಕತ್ತರಿಸಿ ಗುರುತು ಮಾಡಿರುತ್ತಿದ್ದೆ. ಸರಿ, ಆದರೆ ಹರಿವು ಚಿತ್ರದ ಯಾವ ಕಡೆಯಿಂದ? ಮೊದಲ ವಾರವೇ ಗಾಜಿನ ಕಿಟಕಿಯಾಚೆಯಿಂದ ನನ್ನ ಹರಕು ಮಲಯಾಳದಲ್ಲಿ ಕೂಗಿ ಕೇಳಿದೆ. ಚೇಚಿಯ ಬಾಯಿಗೆ ಮಾಸ್ಕು, ಎರಡೂ ಕೈ ಕೋಶ ಬೆಳೆಸುವ ಗಾಜಿನ ಪೆಟ್ಟಿಗೆಯೊಳಗೆ. ತಿರುಗದೆಯೇ ಹೇಳಿದರು: "ಎಪ್ಪೋಳುಂ ಮುಕಳಿಲ್ ನಿನ್ನಾ ಮೋಳೇ!"

ಎಪ್ಪೋಳುಂ ಎಂದರೆ ಯಾವಾಗಲೂ, ನಿನ್ನಾ ಎಂದರೆ 'ಇಂದ', ಮೋಳೇ ಎಂದರೆ ಮಗಳೇ, ಅಷ್ಟು ಊಹಿಸಿದೆ; ನಡುವಿನ ಮಾತು ಸ್ವಲ್ಪ ಒರಟು ಅನ್ನಿಸಿತು. ಆದರೆ ನಮ್ಮೂರಲ್ಲೂ ಕೊಪ್ಪರಿಗೆಯ ತಳಕ್ಕೆ ಮುಕಳಿ ಅಂತಲೇ ಹೇಳುವುದು, "ಮುಕ್ಳಿ ಸೀದೋಯ್ತು ನೋಡ್ರೋ" ಅಂತ ಅಪ್ಪ ದಿನಕ್ಕೆ ಹತ್ತು ಸಲ ಕೂಗುತ್ತಿದ್ದರು. ಇಪ್ಪತ್ತು ವರ್ಷ ಕೆಲಸ ಮಾಡಿದವರ ಬಾಯಿ, ಹಾಗೇ ಇರುತ್ತದೆ. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಕನ್ನಡದಲ್ಲಿ ಬರೆದುಕೊಂಡೆ: ಹರಿವು ಯಾವಾಗಲೂ ಚಿತ್ರದ ಬುಡದಿಂದ ಮೇಲಕ್ಕೆ.

ಮಳೆ ಹಿಡಿದೇ ಇತ್ತು. ಓಣಂ ಹೊತ್ತಿಗೆ ನಾನು ಬಸ್ಸಿನಲ್ಲಿ ಸೀಟಿಗಾಗಿ ಜಗಳ ಕಾಯುವಷ್ಟು ಮಲಯಾಳ ಕಲಿತಿದ್ದೆ. ಚಿತ್ರಗಳು ರಾಶಿ ಬಿದ್ದವು. ಒಂದೊಂದರಲ್ಲೂ ನೂರಾರು ಕೋಶ, ಒಂದೊಂದು ಕೋಶಕ್ಕೂ ನೀಲಿಯಿಂದ ಹಸಿರಿಗೆ ಒಂದು ಬಾಣ. ಬಾಣ ಎಳೆಯುತ್ತ ಎಳೆಯುತ್ತ ಹಿಂದಿನ ಚಿತ್ರಗಳನ್ನೂ ಮತ್ತೆ ತೆಗೆದು ನೋಡಿದೆ. ಬಾಣಗಳೆಲ್ಲ ಮೇಲಕ್ಕೆ. ಹರಿವು ಬುಡದಿಂದ ಬರುತ್ತಿದ್ದರೆ ನಮ್ಮ ಕೋಶಗಳು ಅದಕ್ಕೆ ಬೆನ್ನು ತಿರುಗಿಸಿ ನಿಂತಿದ್ದವು. ಯಾರೂ ಹೇಳದ ಮಾತು.

ಮೇಡಂ ಚಿತ್ರಗಳನ್ನು ಬಹಳ ಹೊತ್ತು ನೋಡಿದರು. "ವಿಚಿತ್ರವಾಗಿದೆ. ಮತ್ತೆ ಮಾಡು."

ಮತ್ತೆ ಮಾಡಿದೆ. ಅದೇ. ಹೊಸ ಅಚ್ಚು, ಬೇರೆ ತಾಯಿಯ ಕೋಶ. ಆಗಲೂ ಅದೇ. ಮೇಡಂ ಮುಖದಲ್ಲಿ ನಾನು ಅದುವರೆಗೆ ಕಾಣದ ಒಂದು ಕಳೆ ಬಂತು. "ಕಿರಿದಾದ ನಾಲೆ ಕೋಶಗಳ ಬುದ್ಧಿಯನ್ನೇ ತಿರುಗಿಸುತ್ತದೋ ಏನೋ," ಎಂದು ಕಾರಿಡಾರಿನಲ್ಲಿ ತಮಗೇ ಹೇಳಿಕೊಳ್ಳುತ್ತಿದ್ದರು. ಕೊಚ್ಚಿಯಲ್ಲಿ ನಡೆಯಲಿದ್ದ ಸಮ್ಮೇಳನಕ್ಕೆ ಸಾರಾಂಶ ಹೋಯಿತು, ಮೊದಲ ಹೆಸರು ನನ್ನದು. ವೇದಿಕೆಯ ಮೇಲೆ ಹದಿನೈದು ನಿಮಿಷ ಮಾತಾಡಲು ಕರೆ ಬಂತು. "ಇದನ್ನು ಚೆನ್ನಾಗಿ ಹೇಳು," ಎಂದರು ಮೇಡಂ, "ಪಿಎಚ್‌ಡಿ ಮಾತು ಅಲ್ಲಿಂದ ಬಂದ ಮೇಲೆ ಆಡೋಣ." ನಾನು ಅಪ್ಪನಿಗೆ ಹೇಳಿದೆ. ಅಪ್ಪ ಇಡೀ ಆಲೆಮನೆಗೆ ಹೇಳಿದರು.

ತುಲಾವರ್ಷದ, ಅಂದರೆ ಹಿಂಗಾರಿನ, ಮಳೆ ಶುರುವಾಗಿತ್ತು. ಮಧ್ಯಾಹ್ನದವರೆಗೆ ಬಿಸಿಲು, ಆಮೇಲೆ ಗುಡುಗು. ಅಂಥದೊಂದು ಭಾನುವಾರ ಗಂಗಕ್ಕ ಮೆಣಸಿನಕಾಯಿ ಬಜಿ ಕರಿಯುತ್ತ ತಾವು ಈ ಊರಿಗೆ ಹೊಸದಾಗಿ ಬಂದ ಕಥೆ ತೆಗೆದರು.

"ಬಾಜು ಮನಿ ಅಮ್ಮ ಬಂದು ನಕ್ಕೋತ ಕೇಳ್ತಾಳ, ನಿಂಗಳುಟೆ ಮುಕಳಿಲ್ ಆರಾ, ಅಂತ. ನನಗ ಸಿಟ್ಟು ನೆತ್ತಿಗೇರಿತು ನೋಡು. ನನ್ನ ಮುಕಳ್ಯಾಗ ಯಾರರ ಇರವಲ್ಲರ್ಯಾಕ, ನಿನಗೇನವಾ ಅಂತ ಕೇಳೂವಾಕಿ ಇದ್ದೆ! ನಮ್ಮ ಮನಿಯವರು ಓಡಿ ಬಂದು ಬಿಡಿಸಿದರು. ಮ್ಯಾಲಿನ ಮನ್ಯಾಗ ಯಾರದಾರ ಅಂತ ಕೇಳಾಕತ್ತಾಳ ಮಾರಾಯ್ತಿ, ಅಂತ."

"ಅಮ್ಮೇ, ಮದಿ!" ಸಾಕಮ್ಮಾ ಎಂದು ಮಗಳು ಕಿವಿ ಮುಚ್ಚಿಕೊಂಡಳು.

ನಾನೂ ನಕ್ಕೆ. ನಗುತ್ತ ನಗುತ್ತ ಕಚ್ಚಿದ ಬಜಿಯನ್ನು ತಟ್ಟೆಗೆ ವಾಪಸ್ಸು ಇಟ್ಟುಬಿಟ್ಟೆ. ಮುಕಳಿಲ್ ಅಂದರೆ ಮೇಲೆ. ಅದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ತಿಂಗಳುಗಳಿಂದ ನಾನೇ ಆಡುತ್ತಿದ್ದ ಮಾತು. ಪುಸ್ತಕ ಮುಕಳಿಲ್ ಇದೆ, ಕ್ಯಾಂಟೀನು ಮುಕಳಿಲ್ ಇದೆ. ಆದರೆ ಮೊದಲ ವಾರದ ಆ ಮಾತನ್ನು ನಾನು ಕೇಳಿದ ದಿನವೇ ಕನ್ನಡ ಮಾಡಿ ಬರೆದಿಟ್ಟಿದ್ದೆ. ಮಲಯಾಳ ಕಲಿತ ಮೇಲೆ ಅದನ್ನು ತಿರುಗಿ ನೋಡುವ ಕಾರಣವೇ ಬಂದಿರಲಿಲ್ಲ.

"ಯಾಕವಾ, ಖಾರ ಹತ್ತಿತೇನ?" ಎಂದರು ಗಂಗಕ್ಕ.

ಸೋಮವಾರ ಬೆಳಿಗ್ಗೆ ಚೇಚಿ ಕೈ ತೊಳೆಯುತ್ತಿದ್ದಾಗಲೇ ಹೋಗಿ ಒಂದು ಚಿತ್ರ ಹಿಡಿದು ಕೇಳಿದೆ. ಒದ್ದೆ ಬೆರಳನ್ನು ಚಿತ್ರದ ಮೇಲಂಚಿಗಿಟ್ಟು ಕೆಳಕ್ಕೆ ಎಳೆದು ತೋರಿಸಿದರು. ಕಾಗದದ ಮೇಲೆ ನೀರಿನ ಗೆರೆ ಉಳಿಯಿತು. ನನ್ನ ಬಾಣಗಳೆಲ್ಲ ಆ ಗೆರೆಗೆ ಎದುರಾಗಿದ್ದವು. ಜಗತ್ತಿನ ಎಲ್ಲ ಪ್ರಬಂಧಗಳೂ ಹೇಳಿದ್ದನ್ನೇ ನಮ್ಮ ಕೋಶಗಳೂ ಐದು ತಿಂಗಳಿಂದ ಹೇಳುತ್ತಿದ್ದವು. ತಲೆಕೆಳಗಾಗಿ ನಿಂತಿದ್ದವಳು ನಾನು.

"ಎಂದಾ ಮೋಳೇ, ಮುಖ ಹೀಗ್ಯಾಕೆ?" ಎಂಬರ್ಥದಲ್ಲಿ ಚೇಚಿ ಏನೋ ಕೇಳಿದರು. ತಲೆನೋವು ಎಂದೆ.

ಎರಡು ದಿನ ಸುಮ್ಮನಿದ್ದೆ. ಇದನ್ನೂ ಬರೆಯಬೇಕು. ಆ ನೋಟ್‌ಬುಕ್ಕು ಓದಬಲ್ಲವರು ಆ ಕಟ್ಟಡದಲ್ಲಿ ಯಾರೂ ಇರಲಿಲ್ಲ. ಸಮ್ಮೇಳನಕ್ಕೆ ಮೂರು ವಾರ. ಮಾತಾಡಿ ಬಂದು, ಸೀಟು ಸಿಕ್ಕ ಮೇಲೆ ಮೆಲ್ಲಗೆ "ಮತ್ತೊಮ್ಮೆ ಮಾಡಿದಾಗ ಬೇರೆ ಬಂತು" ಎಂದರೆ ಆಯಿತು. ಭಾಷೆ ಬರದ ಹಳ್ಳಿ ಹುಡುಗಿ ಎನಿಸಿಕೊಳ್ಳುವ ಭಯ ಬೇರೆ. ಅದು ಕಳ್ಳತನಕ್ಕಿಂತ ದೊಡ್ಡದಾಗಿ ಕಾಣುತ್ತಿತ್ತು ಆಗ. ಆದರೆ ಆ ಎರಡು ದಿನವೂ ಒಂದು ಯೋಚನೆ ತಲೆ ತಿನ್ನುತ್ತಿತ್ತು. ಹರಿವು ಯಾವ ಕಡೆಯಿಂದ ಎಂದು ನನಗೆ ತಪ್ಪಾಗಿ ಗೊತ್ತಿತ್ತು, ಕೋಶಗಳು ಸರಿಯಾಗಿಯೇ ಹೇಳುತ್ತಿದ್ದವು. ಹಾಗಾದರೆ ಏನೂ ಗೊತ್ತಿಲ್ಲದೆ, ಬರೀ ಕೋಶಗಳ ಮುಖ ನೋಡಿ, ಇಲ್ಲಿ ರಕ್ತ ಯಾವ ಕಡೆಗೆ ಹರಿಯುತ್ತಿತ್ತು ಎಂದು ಹೇಳಲು ಬರುತ್ತದೆಯೇ? ಪರೀಕ್ಷೆ ಮಾಡಿ ನೋಡಬೇಕೆಂದರೆ ಚೇಚಿ ಬೇಕು, ಚೇಚಿಗೆ ಹೇಳಬೇಕೆಂದರೆ ಎಲ್ಲವನ್ನೂ ಹೇಳಬೇಕು. ನನ್ನನ್ನು ಮೇಡಂ ಕೋಣೆಗೆ ತಳ್ಳಿದ್ದು ಪ್ರಾಮಾಣಿಕತೆಗಿಂತ ಹೆಚ್ಚಾಗಿ ಈ ಕುತೂಹಲವೇ ಇರಬೇಕು.

ಮೇಡಂ ಕೇಳಿಸಿಕೊಂಡರು. ಕನ್ನಡದಲ್ಲಿ ಆ ಮಾತಿನ ಅರ್ಥವೇನೆಂದು ಹೇಳಿದಾಗ ತುಟಿ ಕೊಂಚ ಅಲುಗಿತು, ನಗಲಿಲ್ಲ.

"ಯಾವತ್ತು ಗೊತ್ತಾಯಿತು?"

"ಭಾನುವಾರ ಮೇಡಂ."

"ಇವತ್ತು ಬುಧವಾರ."

ನಾನು ನೋಟ್‌ಬುಕ್ಕಿನ ಮೊದಲ ಪುಟ ತೆಗೆದು ಅವರ ಮುಂದಿಟ್ಟೆ.

"ಮಾತು ತಪ್ಪು ಕೇಳಿಸುವುದು ಯಾರಿಗಾದರೂ ಆಗುತ್ತದೆ. ಇಷ್ಟು ದೊಡ್ಡ ಮಾತು ಬರೆದು ಕಳಿಸುವ ಮೊದಲು ನಾನೂ ಒಮ್ಮೆ ಹೋಗಿ ಪಂಪು ನೋಡಲಿಲ್ಲ, ಅದು ನನ್ನ ತಪ್ಪು. ಸೋಮವಾರ, ಮಂಗಳವಾರ ಮಾತ್ರ ನಿನ್ನವು." ಆಮೇಲೆ ಕಂಪ್ಯೂಟರಿನ ಕಡೆ ತಿರುಗಿದರು. "ಭಾಷಣ ವಾಪಸ್ಸು ತೆಗೆದುಕೊಳ್ಳುತ್ತೇನೆ. ಪಿಎಚ್‌ಡಿ ಮಾತು ಈಗ ಬೇಡ."

ಹೊರಗೆ ಹೋಗಬೇಕಿತ್ತು, ಹೋಗಲಿಲ್ಲ. ನನ್ನ ಪರೀಕ್ಷೆಯ ಯೋಚನೆಯನ್ನು ಹೇಳಿದೆ. ಬೆನ್ನು ತಿರುಗಿಸಿಯೇ ಕೇಳಿದರು. "ಓಮನಾಗೆ ಬಿಡುವಿದ್ದರೆ ಮಾಡು," ಎಂದರು.

ಚೇಚಿಗೆ ಹೇಳಿದಾಗ ಅವರು ಕೂತ ಸ್ಟೂಲಿನಿಂದ ಬೀಳುವಷ್ಟು ನಕ್ಕರು. "ಎಂಡೆ ದೈವಮೇ! ನಾನು ನಿನಗೆ ಅಂಥ ಮಾತು ಆಡಿದೆ ಅಂದುಕೊಂಡೆಯಾ, ಐದು ತಿಂಗಳು?" ಮಧ್ಯಾಹ್ನದೊಳಗೆ ಇಡೀ ಮಹಡಿಗೆ ಗೊತ್ತಾಯಿತು. ನನ್ನನ್ನು ಕಂಡವರೆಲ್ಲ ಬೆರಳು ಆಕಾಶಕ್ಕೆ ತೋರಿಸಿ "ಇದೇನು?" ಎಂದು ಕೇಳುವುದು ಶುರುವಾಯಿತು. ಸಾಯುತ್ತೇನೆಂದುಕೊಂಡಿದ್ದೆ, ಸಾಯಲಿಲ್ಲ. ಚೇಚಿ ಮಾತ್ರ ಅವತ್ತೇ ನನ್ನ ಕೈಗೆ ಗೌನು ಕೊಟ್ಟು ತಮ್ಮ ಕೋಣೆಯೊಳಗೆ ಬಿಟ್ಟುಕೊಂಡರು. "ಇನ್ನು ಕಣ್ಣಾರೆ ನೋಡಿಕೋ," ಎಂದರು. ಪರೀಕ್ಷೆಯ ದಿನಗಳಲ್ಲಿ ಮಾತ್ರ ಹೊರಗೆ ಹಾಕುತ್ತಿದ್ದರು. ಯಾವ ಪಟ್ಟಿಗೆ ಯಾವ ಕಡೆಯಿಂದ ಹರಿವು ಬಿಟ್ಟೆನೆಂದು ಚೀಟಿ ಬರೆದು, ಮಡಚಿ, ತಮ್ಮ ಊಟದ ಡಬ್ಬಿಯ ಚೀಲದಲ್ಲಿಟ್ಟುಕೊಳ್ಳುತ್ತಿದ್ದರು.

ನಾನು ಬಾಣ ಎಳೆದೆ, ಉತ್ತರ ಬರೆದೆ, ಚೀಟಿ ಬಿಚ್ಚಿದೆವು. ನೇರ ನಾಲೆಗಳಲ್ಲಿ ಒಂದೂ ತಪ್ಪಲಿಲ್ಲ. ಕಿರಿದಾದ ಕುತ್ತಿಗೆಯಲ್ಲೂ ತಪ್ಪಲಿಲ್ಲ. ಕುತ್ತಿಗೆ ದಾಟಿ ನಾಲೆ ಮತ್ತೆ ಅಗಲವಾಗುವ ಕಡೆ, ಹರಿವು ಸಡಿಲಾಗುವ ಜಾಗದಲ್ಲಿ, ನಾನು ತಪ್ಪಿದೆ. ಅಲ್ಲಿ ಕೋಶಗಳು ದಿಕ್ಕಿಗೊಂದು ನೋಡುತ್ತಿದ್ದವು, ಬಸ್ಸು ತಪ್ಪಿದ ಜನರ ಹಾಗೆ. ಅದನ್ನು ನೋಡಿ ಮೇಡಂ ಮೊದಲ ಸಲ ಕುರ್ಚಿ ಮುಂದಕ್ಕೆಳೆದುಕೊಂಡರು.

ಕೊಚ್ಚಿಗೆ ಹೋದೆವು. ನಮಗೆ ವೇದಿಕೆ ಸಿಗಲಿಲ್ಲ. ಚಹಾ ಕೊಡುವ ಜಾಗದ ಪಕ್ಕದ ಗೋಡೆಗೆ ಒಂದು ಪೋಸ್ಟರು ಅಂಟಿಸಿಕೊಂಡು ನಿಂತೆ. ಅದರ ಮೊದಲ ಸಾಲಿನಲ್ಲೇ, ಮೊದಲು ಕಳಿಸಿದ ಸಾರಾಂಶದಲ್ಲಿ ಹರಿವಿನ ದಿಕ್ಕು ತಪ್ಪಾಗಿತ್ತು ಎಂದು ಮೇಡಂ ಬರೆಸಿದ್ದರು. ಜನ ಬಂದರು, ಲೋಟ ಹಿಡಿದು ಆ ಸಾಲು ಓದಿದರು, ಮುಂದೆ ಹೋದರು. ಸೆಕೆ ವಿಪರೀತ. ಅಪ್ಪ ಅಷ್ಟೊತ್ತಿಗೆ ಎರಡು ಸಲ ಫೋನು ಮಾಡಿದ್ದರು, ನಾನು ಎತ್ತಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ನೆರೆತ ಮೀಸೆಯ ವೈದ್ಯರೊಬ್ಬರು ಬಂದು ನಿಂತರು. ಹೃದಯದ ಶಸ್ತ್ರಚಿಕಿತ್ಸೆ ಮಾಡುವವರಂತೆ. "ದಿಕ್ಕು ಹೇಗೆ ತಪ್ಪಾಯಿತು?" ಎಂದರು. ಹೇಳಿದೆ, ಆ ಪದ ಸಮೇತ. ಅವರ ನಗುವಿಗೆ ಚಹಾ ಕುಡಿಯುತ್ತಿದ್ದವರೆಲ್ಲ ತಿರುಗಿ ನೋಡಿದರು. ನಕ್ಕು ಮುಗಿದ ಮೇಲೂ ಹೋಗಲಿಲ್ಲ, ಕನ್ನಡಕ ಏರಿಸಿಕೊಂಡು ಬಾಣಗಳನ್ನೇ ನೋಡುತ್ತಿದ್ದರು.

"ನಾವು ಕಾಲಿನ ರಕ್ತನಾಳ ತೆಗೆದು ಹೃದಯಕ್ಕೆ ಹೊಲಿಯುತ್ತೇವಲ್ಲ, ಅದರೊಳಗೆ ಪುಟ್ಟ ಕವಾಟಗಳಿರುತ್ತವೆ, ಒಂದೇ ಕಡೆಗೆ ತೆರೆಯುವಂಥವು. ಅದಕ್ಕೇ ಆ ನಾಳವನ್ನು ತಲೆಕೆಳಗು ಮಾಡಿ ಹೊಲಿಯುವುದು. ಹಾಗೆ ಮಾಡಿದರೆ ರಕ್ತ ಕೋಶಗಳ ಮೇಲೆ ಹಳೇ ದಿಕ್ಕಿನಲ್ಲೇ ಹರಿಯುತ್ತದೆ. ಆದರೆ ಕಾಲಿನಲ್ಲೇ ಕಟ್ಟಿಕೊಂಡ ನಾಳಕ್ಕೆ ಬದಲಿಯಾಗಿ ಹಾಕುವಾಗ ಕೆಲವು ಸಲ ಕವಾಟಗಳನ್ನೇ ಕತ್ತರಿಸಿ, ತಿರುಗಿಸದೆ ಹಾಗೇ ಬಿಡುವುದೂ ಉಂಟು. ಆಗ ಹರಿವು ಒಮ್ಮೆಗೇ ಹಿಂದಿನಿಂದ ಬರುತ್ತದೆ. ಹುಟ್ಟಿದಾಗಿನಿಂದ ಒಂದು ಕಡೆ ಮುಖ ಮಾಡಿ ಕೂತ ಈ ಕೋಶಗಳು ಆಗ ಏನು ಮಾಡುತ್ತವೆ? ತಿರುಗುತ್ತವೆಯಾ? ಎಲ್ಲ ಒಟ್ಟಿಗೋ, ಒಂದೊಂದಾಗಿಯೋ?"

ನನಗೆ ಮೈ ಜುಮ್ಮೆಂದಿತು. "ಗೊತ್ತಿಲ್ಲ ಸರ್," ಎಂದೆ. ತಿರುಗಿ ನೋಡಿದರೆ ಮೇಡಂ ನನ್ನ ಹಿಂದೆಯೇ ನಿಂತಿದ್ದರು, ಎರಡು ಲೋಟ ಚಹಾ ಹಿಡಿದು.

ವಾಪಸ್ಸು ಬರುವ ರೈಲಿನಲ್ಲಿ ಅಪ್ಪನಿಗೆ ಫೋನು ಮಾಡಿದೆ. "ಸ್ಟೇಜ್ ಮ್ಯಾಕೆ ಮಾತಾಡ್ದ್ಯಾ ಮಗ?" ಎಂದರು. ಇಲ್ಲ ಅಪ್ಪ, ನಾನು ತಪ್ಪು ಮಾಡಿದ್ದೆ, ಅದಕ್ಕೆ ಕೊಡಲಿಲ್ಲ, ಎಂದೆ. ಆಚೆ ಕಡೆ ಅಪ್ಪ ಗಾಣ ನಿಲ್ಲಿಸಲು ಯಾರಿಗೋ ಕೂಗಿ ಹೇಳಿದರು. "ಸರಿ, ಉಂಡ್ಯಾ?" ಎಂದರು. ಫೋನಿಟ್ಟ ಮೇಲೆ ನಾನು ಕಿಟಕಿಯ ಕಡೆ ಮುಖ ಮಾಡಿ ಕೂತೆ. ಆಲಪ್ಪುಳ ದಾಟುವವರೆಗೂ ಮೇಡಂ ಪುಸ್ತಕ ಓದುತ್ತಿದ್ದರು. ಆಮೇಲೆ ಅದನ್ನು ಮಡಚಿ, "ಆ ಡಾಕ್ಟರಿಗೆ ಗೊತ್ತಿಲ್ಲ ಅಂದೆಯಲ್ಲ," ಎಂದರು, "ಗೊತ್ತು ಮಾಡಿಕೊಳ್ಳಲು ಏನೇನು ಬೇಕು, ಎಷ್ಟು ದಿನ ಬೇಕು, ಎರಡು ಪುಟ ಬರೆದು ತಾ. ಅರ್ಜಿಯ ಜೊತೆ ಅದನ್ನೂ ಲಗತ್ತಿಸಬೇಕಾಗುತ್ತದೆ." ಯಾವ ಅರ್ಜಿ ಎಂದು ಕೇಳುವ ಧೈರ್ಯವಾಗಲಿಲ್ಲ. ಕಾಯಂಕುಳ ಬರುವವರೆಗೆ ಅದೇ ಒಂದು ಮಾತನ್ನು ಮನಸ್ಸಿನಲ್ಲಿ ಮಗುಚಿ ಮಗುಚಿ ನೋಡಿದೆ. ಪಿಎಚ್‌ಡಿಯ ಅರ್ಜಿಯೇ. ಬೇರೆ ಯಾವುದೂ ಇರಲಿಕ್ಕೆ ಸಾಧ್ಯವಿರಲಿಲ್ಲ.

ಜನವರಿಯ ಒಣ ಬೆಳಗೊಂದರಲ್ಲಿ ನಾನೂ ಚೇಚಿಯೂ ಸೇರಿ ಮೊದಲ ಸಲ ಹರಿವನ್ನು ನಡುವೆ ನಿಲ್ಲಿಸಿ, ಕೊಳವೆಗಳನ್ನು ಅದಲುಬದಲು ಮಾಡಿದೆವು. ಜೀವಂತ ಕೋಶಕ್ಕೇ ಹಿಡಿಯುವ ಬಣ್ಣ ಹಾಕಿದ್ದೆವು. ಸಾಲು ಹಿಡಿದ ನೂರಾರು ಕೋಶ, ಎಲ್ಲಕ್ಕೂ ಹಸಿರು ಗಂಟು ಒಂದೇ ಕಡೆ, ಹರಿವು ಮಾತ್ರ ಈಗ ಬೆನ್ನ ಹಿಂದಿನಿಂದ. ನಾನು ಒಂದೇ ಒಂದು ಕೋಶವನ್ನು ಆರಿಸಿಕೊಂಡು ಕಣ್ಣು ಕೀಲಿಸಿ ಕೂತೆ. ಗಂಟೆ ಕಳೆಯಿತು, ಎರಡು ಗಂಟೆ ಕಳೆಯಿತು. ಹಸಿರು ಗಂಟು ಅಲುಗಿದಂತಾಗುವುದು, ಮತ್ತೆ ಸುಮ್ಮನಾಗುವುದು.

ಮೇಡಂ ಬಾಗಿಲಲ್ಲಿ ಇಣುಕಿದರು. ಕೈಯಲ್ಲಿ ಕಾರಿನ ಬೀಗದ ಕೈ, ಎಲ್ಲಿಗೋ ಹೊರಟವರು.

"ಏನಾಯಿತು?"

"ನಾನು ಆರಿಸಿಕೊಂಡ ಕೋಶ ಇನ್ನೂ ತಿರುಗಿಲ್ಲ ಮೇಡಂ."

ಅವರು ಗಡಿಯಾರ ನೋಡಿಕೊಂಡರು. ಚಪ್ಪಲಿ ಬಿಟ್ಟು, ಗೌನು ಹಾಕಿಕೊಂಡು ಒಳಗೆ ಬಂದರು. ಮೊದಲು ಪಂಪಿನ ಹತ್ತಿರ ಹೋಗಿ ಎರಡೂ ಕೊಳವೆಗಳ ಮೇಲೆ ಬೆರಳಾಡಿಸಿ ಕೊನೆಯವರೆಗೆ ನೋಡಿದರು. ಆಮೇಲೆ ಒಂದು ಸ್ಟೂಲು ಎಳೆದುಕೊಂಡು ನನ್ನ ಪಕ್ಕದಲ್ಲಿ ಕೂತರು. "ಸರಿ, ಯಾವುದು ನಿನ್ನದು, ತೋರಿಸು."